ಸೂಜಿ ಭಾಷೆಯ ಬಳಗ

ಮಂಥನ್‌ಭಾಯಿಯ ಕಾರು ಫತೇಗಂಜ್‌ನ ಹಾಲ್ ಮುಟ್ಟುವುದರೊಳಗೆ ಗಗನಾ ಒಂದು ಸಮುದಾಯವನ್ನೇ ಸೃಷ್ಟಿಸಬೇಕಿತ್ತು.

‘ಸೂಜಿ’ ಅವಳೊಬ್ಬಳೇ ಕೂತು ಕಟ್ಟಿದ ಪ್ರೋಗ್ರಾಮಿಂಗ್ ಭಾಷೆ. ಮುಕ್ತ ಭಾಷೆ: ಯಾರು ಬೇಕಾದರೂ ಬಳಸಬಹುದು, ಯಾರು ಬೇಕಾದರೂ ತಿದ್ದಬಹುದು. ಈವರೆಗೆ ಯಾರೂ ಬಳಸಿರಲಿಲ್ಲ. ತಿದ್ದುವ ಮಾತಂತೂ ದೂರವೇ ಉಳಿಯಿತು. ವಟ್ವಾದ ಬಣ್ಣದ ಕಂಪನಿಯೊಂದು ಇಂಥದೊಂದು ಭಾಷೆಯನ್ನು ಹಣ ಕೊಟ್ಟು ಪ್ರಾಯೋಜಿಸಲು ಹೊರಟಿತ್ತು. ‘ಸಮುದಾಯವೇ ನಮ್ಮ ಉಸಿರು’ ಎಂದು ಅದರ ಜಾಹೀರಾತು ಸಾರುತ್ತಿತ್ತು. ಕಂಪನಿಯ ಪರವಾಗಿ ನೋಡಲು ಬರುತ್ತಿದ್ದವರು ಮಂಥನ್‌ಭಾಯಿ. ಈ ಅವಕಾಶ ತಪ್ಪಿದರೆ ಸೂಜಿಯನ್ನು ಮುಚ್ಚಿಟ್ಟು ಅವಳು ನೌಕರಿ ಹುಡುಕಬೇಕು.

ಹಾಗಾಗಿ ವಡೋದರದ ಕನ್ನಡ ಭಜನಾ ಮಂಡಳಿ ಇಡಿಯಾಗಿ ಬಂದು ಹಾಲ್ ತುಂಬಿತು. ಎಲ್ಲರ ಕೊರಳಲ್ಲೂ ‘ಸೂಜಿ ಬಳಗ’ ಎಂಬ ಬಿಲ್ಲೆ.

“ನಾವೇನ್ ಮಾಡಬೇಕವಾ?” ರೈಲ್ವೆ ಅಧಿಕಾರಿಯ ಹೆಂಡತಿ ಸುಭದ್ರಾ ಕೇಳಿದರು.

“ತಲಿ ಆಡಸ್ರಿ ಸಾಕು, ಕಾಕು. ನಡುನಡುವ ಕನ್ನಡದಾಗ ಏನಾರ ಕೇಳ್ರಿ. ನಾ ಹಿಂದಿ ಮಾಡಿ ಹೇಳ್ತೀನಿ.”

“ತಿಳೀದಿದ್ರೂ ತಲಿ ಆಡಸೂದ? ನಮ್ಮನಿಯವರ ಮುಂದ ದಿನಾ ಅದನ್ನ ಮಾಡ್ತೀನಿ ಬಿಡು.”

ಮಂಥನ್‌ಭಾಯಿ ಬಾಗಿಲಲ್ಲೇ ನಿಂತುಬಿಟ್ಟರು.

“ಇವರೆಲ್ಲ ಸೂಜಿಯವರಾ, ಗಗನಾಬೆನ್?” ಎಂದರು ಹಿಂದಿಯಲ್ಲಿ.

“ಜಾಗ ಸಾಲದೆಂದು ಕೆಲವರನ್ನು ಬರಬೇಡಿ ಎಂದೆ.”

ಅವರು ಸಾಲುಸಾಲಾಗಿ ತಲೆ ಎಣಿಸಿದರು. ಬೆರಗಾಗಿದ್ದಾರೆ ಎಂದುಕೊಂಡಳು ಗಗನಾ.

ವಿಮಾ ಕಚೇರಿಯ ಲಿಂಗರಾಜ ಎದ್ದು ನಿಂತರು. “ಆ ಫ್ಯಾನ್ ಯಾಕ ತಿರಗವಲ್ದು? ಇಲ್ಲಿ ಜೀವ ಹೊಂಟೈತಿ.”

“ಹೊಸ ಆವೃತ್ತಿ ಯಾಕೆ ತಡವಾಯಿತು ಎಂದು ಸಿಟ್ಟಾಗಿದ್ದಾರೆ,” ಎಂದಳು ಗಗನಾ.

ಮಂಥನ್‌ಭಾಯಿ ಮುಂದಿನ ಮೇಜಿಗೆ ಬಂದು ಲ್ಯಾಪ್‌ಟಾಪ್ ತೆರೆದು ಹಣೆ ಒರೆಸಿಕೊಂಡರು. “ಒಂದು ಮಾತು ಕೇಳಿ. ಕಂಪನಿ ತನಗೆ ಬೇಕಾದ ಹಾಗೆ ಭಾಷೆ ಬದಲಾಯಿಸಿದರೆ ಇವರು ಸುಮ್ಮನಿರುತ್ತಾರಾ?”

ಬಳಗದ ಬಿಸಿ ತೋರಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗಲಾರದು. ಗಗನಾ ಸಭೆಯತ್ತ ತಿರುಗಿದಳು. “ಕಾಕು, ಮುಂದಿನ ವಾರದಿಂದ ಹಾಡೂದು ಬಂದ್ ಮಾಡ್ರಿ ಅಂದ್ರ?”

ಹಾಲ್ ಸಿಡಿಯಿತು.

“ಯಾಂವ ಅಂದಾಂವ?” ಸುಭದ್ರಾ ಸೆರಗು ಸಿಕ್ಕಿಸಿಕೊಂಡು ಎದ್ದರು. “ಹೆಂಗ ಬಿಡಸ್ತಾನ ನಾನೂ ನೋಡ್ತೀನಿ!” ಲಿಂಗರಾಜ ಕುರ್ಚಿ ಗುದ್ದಿದರು. ಹಿಂದಿನ ಸಾಲಿನವರು ಮುಂದೆ ನುಗ್ಗಿದರು.

“ನೋಡಿದಿರಲ್ಲ,” ಗಗನಾ ಬೀಗಿದಳು. “ಒಂದಕ್ಷರ ಮುಟ್ಟಗೊಡುವುದಿಲ್ಲ.”

ಮಂಥನ್‌ಭಾಯಿ ಲ್ಯಾಪ್‌ಟಾಪ್ ಮುಚ್ಚಿದರು. ಸಭೆಗೆ ಬಾಗಿ ಕೈಮುಗಿದು, ಸರಸರನೆ ಹೊರನಡೆದರು. ಗಗನಾ ಕಾರಿನವರೆಗೂ ಓಡಿದಳು.

“ಭಾಯಿ, ಹಾಗಾದರೆ ಪ್ರಾಯೋಜಕತ್ವ ನಮಗೇ ತಾನೇ?”

“ನಿಮ್ಮ ಸೂಜಿ ನಮ್ಮ ಸಾಹೇಬರಿಗೆ ಬಹಳ ಹಿಡಿಸಿತ್ತು, ಬೆನ್. ಆದರೆ ಸೂರತ್‌ನಲ್ಲೂ ಒಂದು ಭಾಷೆ ಕಟ್ಟಿದ ಹುಡುಗನಿದ್ದಾನೆ, ಅವನಿಗೇ ಕೊಡುತ್ತೇವೆ,” ಎನ್ನುತ್ತ ಅವರು ಕಾರಿನ ಗಾಜು ಏರಿಸತೊಡಗಿದರು. “ಅವನ ಭಾಷೆಗೆ ಅವನೊಬ್ಬನೇ, ಹೇಳುವವರಿಲ್ಲ, ಕೇಳುವವರಿಲ್ಲ, ನಾವು ಹುಡುಕುತ್ತಿದ್ದದ್ದು ಅಂಥದ್ದನ್ನೇ.”