ಹಾಲಿನ ಕೊಳವೆ

"ಇದಕ್ಕೆ ನಾನು ಸಹಿ ಹಾಕಲ್ಲ ಸಾರ್," ಎಂದು ಕೂದಲೆಳೆ ಅಕ್ಕ ಕಾಗದವನ್ನು ಕಾರ್ಖಾನೆಯ ಯಜಮಾನರ ಮೇಜಿನ ಮೇಲಿಟ್ಟಳು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಮಾಲು ವಾಪಸು ಕಳಿಸುತ್ತಾಳೆಂದು ಕಾರ್ಖಾನೆಯವರು ಇಟ್ಟ ಹೆಸರು ಅದು. ಅಲ್ಲಿ ತಯಾರಾಗುವ ಉಕ್ಕಿನ ಕೊಳವೆಗಳನ್ನು ಇಪ್ಪತ್ತಾರು ವರ್ಷಗಳಿಂದ ಅಳೆದು ಪಾಸು ಮಾಡುತ್ತಿದ್ದವಳು ಅವಳೇ.

ಗೋಡೆಯ ಟಿ.ವಿ.ಯಲ್ಲಿ ಮಂತ್ರಿಗಳು ಗುಡುಗುತ್ತಿದ್ದರು: ಗಡಿಯಾಚೆಯ ಶತ್ರು ಅಣುಬಾಂಬ್ ಮಾಡಲು ಹೊರಟಿದೆ, ಯುದ್ಧ ಮಾಡಿಯಾದರೂ ತಡೆಯುತ್ತೇವೆ. "ಇನ್ನೂ ಏನು ಕಾಯ್ತಿದಾರೋ. ಹೋಗಿ ನೆಲಸಮ ಮಾಡಿ ಬಂದುಬಿಡಬೇಕು," ಎಂದರು ಯಜಮಾನರು, ಎದುರು ಕೂತು ಚಹಾ ಕುಡಿಯುತ್ತಿದ್ದ ರಫ್ತು ಇಲಾಖೆಯ ಅಧಿಕಾರಿಗೆ. ಆಮೇಲೆ ಅವಳತ್ತ ತಿರುಗಿದರು. "ಸಹಿಗೇನಮ್ಮ ತೊಂದರೆ? ಹಾಲಿನ ಡೈರಿ ಕೊಳವೆ, ಅಷ್ಟೇ."

"ಡೈರಿಯೋರಾದರೆ ಒಳಗೆ ನುಣುಪಾಗಿದೆಯಾ, ತೊಳೆಯೋಕೆ ಬರುತ್ತಾ ಅಂತ ಕೇಳ್ತಾರೆ. ಇವರು ಅದನ್ನ ಕೇಳೇ ಇಲ್ಲ. ಬುಗುರಿಗಿಂತ ಸಾವಿರ ಪಟ್ಟು ಜೋರಾಗಿ ತಿರುಗಿಸಿದರೂ ಅಲುಗಬಾರದು ಅಂದಿದಾರೆ. ಹಾಲನ್ನ ಹಾಗೆ ಕಡೆದರೆ ಬೆಣ್ಣೆ ಬರಲ್ಲ ಸಾರ್, ಬೂದಿ ಬರುತ್ತೆ. ಇವು ಬಾಂಬಿಗೆ ಯುರೇನಿಯಂ ಸೋಸೋ ಯಂತ್ರದ ಕೊಳವೆ. ನಡುವೆ ಇನ್ಯಾವುದೋ ದೇಶದ ವ್ಯಾಪಾರಿ ಹೆಸರು ಬರೆದರೆ ಗಡಿಯಾಚೆಯೋರ ಕೈಗೇ ಹೋಗುತ್ತೆ ಅಂತ ಗೊತ್ತಾಗಲ್ವಾ?"

ಅಧಿಕಾರಿ ಲೋಟ ಕೆಳಗಿಟ್ಟ. "ಕಾಗದ ಎಲ್ಲ ಸರಿಯಾಗಿದೆ ಅಮ್ಮ. ನಾವು ನೋಡೋದು ಕಾಗದ."

"ನಿಮ್ಮ ಇಲಾಖೆಗೇ ಎರಡು ಪತ್ರ ಬರೆದಿದ್ದೆ."

"ಬಂದಿವೆಯಲ್ಲ," ಎಂದು ಆತ ಮೇಜಿನತ್ತ ಕಣ್ಣು ಹಾಯಿಸಿದ. ಹೆಸರು ಗುಟ್ಟಾಗಿಡಿ ಎಂದು ಬೇಡಿಕೊಂಡು ಬರೆದ ಎರಡೂ ಪತ್ರಗಳು ಯಜಮಾನರ ಮೊಣಕೈ ಕೆಳಗಿದ್ದವು, ಅವಳದೇ ದುಂಡನೆಯ ಅಕ್ಷರದಲ್ಲಿ. ಒಂದರ ಮೇಲೆ ಲೋಟದ ತಳದ ಕಲೆಯಾಗಿತ್ತು.

"ನಿನ್ನ ಮಗ ವಾಯುಪಡೆಯಲ್ಲಿದಾನೆ," ಯಜಮಾನರು ನಕ್ಕರು. "ಯುದ್ಧ ಆದರೆ ಪದಕ ತರ್ತಾನೆ. ಖುಷಿಪಡೋದು ಬಿಟ್ಟು..."

"ಬಾಂಬ್ ಮಾಡೋಕೆ ಕೊಳವೆ ಕಳಿಸೋರು ನೀವು. ಅದನ್ನ ಒಡೆಯೋಕೆ ಹೋಗಿ ಸಾಯೋನು ನನ್ನ ಮಗ. ಮಗೂನ ಚಿವುಟೋರೂ ನೀವೇ, ತೊಟ್ಟಿಲು ತೂಗೋರೂ ನೀವೇ."

ಉತ್ತರಕ್ಕೆ ಕಾಯದೆ ಅವಳು ಸೀದಾ ಪ್ಯಾಕಿಂಗ್ ವಿಭಾಗಕ್ಕೆ ಇಳಿದಳು. ನೂರಿಪ್ಪತ್ತು ಕೊಳವೆಗಳು ಮರದ ಪೆಟ್ಟಿಗೆಗಳಲ್ಲಿ ಮಲಗಿದ್ದವು. ಉಕ್ಕಿಗೆ ಗುರುತು ಹಾಕುವ ಚೂಪುಕಡ್ಡಿ ತೆಗೆದು ಮೊದಲನೆಯದರ ಉದ್ದಕ್ಕೂ ಬಲವಾಗಿ ಎಳೆದಳು. ಗೀರು ಬಿದ್ದದ್ದು ಗುಜರಿಗೆ.

"ಅಕ್ಕ, ಕೆಲಸ ಹೋಗುತ್ತೆ," ಎಂದ ಪೆಟ್ಟಿಗೆ ಜಡಿಯುವವ.

"ಹೋಗಲಿ. ನೀನು ಆ ಕಡೆ ಸರಿ."

ಅವನು ಸರಿಯಲಿಲ್ಲ. ಸುತ್ತಿಗೆ ಕೆಳಗಿಟ್ಟು, ಎರಡನೆಯ ಕೊಳವೆ ಎತ್ತಿ ಅವಳ ಕೈಗೆ ಕೊಟ್ಟ. ಆಮೇಲೆ ಮೂರನೆಯದು. ಉಕ್ಕು ಒಂದೇ ಸಮನೆ ಕಿರುಗುಟ್ಟಿತು. ನಲವತ್ತೊಂದನೆಯದಕ್ಕೆ ಕಾವಲುಗಾರರು ಬಂದು ಅವಳ ತೋಳು ಹಿಡಿದರು.

ಪೊಲೀಸ್ ಇನ್ಸ್‌ಪೆಕ್ಟರ್ ಬಂದ. "ಯಾವ ದೇಶದ ಪರ ಕೆಲಸ ಮಾಡ್ತಿದೀಯ?"

"ಅದನ್ನ ಮಹಡಿ ಮೇಲೆ ಹೋಗಿ ಕೇಳಿ."

ಆತ ಹೋದ. ಹತ್ತು ನಿಮಿಷದ ಮೇಲೆ ಮೀಸೆ ಒರೆಸಿಕೊಳ್ಳುತ್ತ ಇಳಿದು ಬಂದು, ದೇಶದ್ರೋಹ ಎಂದು ಬರೆದುಕೊಂಡ. ಉಳಿದ ಎಪ್ಪತ್ತೊಂಬತ್ತು ಕೊಳವೆಗಳ ಕಾಗದದಲ್ಲಿ, ಅವಳು ಸಹಿ ಹಾಕಬೇಕಿದ್ದ ಜಾಗದಲ್ಲಿ, ರಫ್ತು ಅಧಿಕಾರಿಯೇ ಸಹಿ ಹಾಕಿದ್ದ.

ಅವಳನ್ನು ಕೂರಿಸಿಕೊಂಡ ಜೀಪು ಗೇಟಿನ ಬಳಿ ಗಕ್ಕನೆ ನಿಂತಿತು.

"ಏನಾಯ್ತು?" ಎಂದಳು.

"ಕೊಳವೆ ಲಾರಿಗೆ ದಾರಿ ಬಿಡಬೇಕು. ಹಡಗಿಗೆ ಹೊತ್ತಾಗುತ್ತಂತೆ," ಎಂದ ಪಕ್ಕದಲ್ಲಿದ್ದ ಪೇದೆ. ಇಳಿದು ಹೋಗಿ, ಗೇಟಿನ ಬಾಗಿಲನ್ನು ಎರಡೂ ಕೈಯಿಂದ ಅಗಲವಾಗಿ ತೆರೆದು ಹಿಡಿದ.