ಸುನೀಲನ ಹವಾಯಿ ಚಪ್ಪಲಿ

ಗುಡ್ಡದ ಕಾಲುದಾರಿಯಲ್ಲಿ ಮಲ್ಲಣ್ಣ ತಾಯಿಗೆ ಬೆನ್ನು ಮಾಡಿ ತನ್ನ ತೊಗಲಿನ ಚಪ್ಪಲಿ ಕಳಚಿದ. ಚೀಲದೊಳಗಿಂದ ಹವಾಯಿ ಚಪ್ಪಲಿ ತೆಗೆದು ಮೆಟ್ಟಿಕೊಂಡ. ಗುಂಡವ್ವನಿಗೆ ಕಣ್ಣು ಕಾಣುತ್ತಿರಲಿಲ್ಲ. ಆದರೂ ಬೆನ್ನು ಮಾಡಿದ. ಕಳ್ಳನಿಗೆ ಕತ್ತಲೆಯ ಮೇಲೂ ನಂಬಿಕೆಯಿಲ್ಲ.

ನಾಲ್ಕು ಹೆಜ್ಜೆ ಪಟಪಟ ನಡೆದು, ಮೂಗಿನಲ್ಲಿ ಮಾತಾಡಿದ.

“ಯವ್ವಾ, ಇಲ್ಲಿ ಕಲ್ಲ ಅದಾವ. ಗುಡ್ಡಾ ಒದ್ದಗಿದ್ದಿ ಮತ್ತ, ಸರಕಾರದವ್ರು ಕೇಸ್ ಹಾಕ್ತಾರ!”

ಕೊನೆಗೊಂದು ಸಣ್ಣ ನಗೆ. ಅದು ತಮ್ಮ ಸುನೀಲನ ನಗೆ.

“ಮೊದಲ ನಿಮ್ಮಣ್ಣಗ ಹೇಳೋ,” ಎಂದಳು ಗುಂಡವ್ವ. “ನಾ ಏನ್ ಹರೇದಾಕಿ ಅಂತ ತಿಳದಾನೇನು, ಓಡಸಾಕತ್ತಾನ.”

ದನಿ ಕದಿಯುವುದು ಮಲ್ಲಣ್ಣನಿಗೆ ಹುಟ್ಟುಗುಣ. ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ನಿಂತು ಅವನು ಕಂಡಕ್ಟರ್ ಚಾಂದಸಾಬನಂತೆ “ತಾಳಿಕೋಟಿ, ತಾಳಿಕೋಟಿ” ಎಂದು ಕೂಗಿದರೆ, ಜನ ಡ್ರೈವರ್ ಇಲ್ಲದ ಬಸ್ಸಿಗೂ ಮುಗಿಬಿದ್ದು ಹತ್ತುತ್ತಿದ್ದರು. ಆಗ ಅದು ಚೇಷ್ಟೆ.

ಹೋದ ವರ್ಷದ ಶ್ರಾವಣದಲ್ಲಿ ಗುಂಡವ್ವ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಿಜಾಪುರದ ಆಸ್ಪತ್ರೆಯಲ್ಲಿ ಮಲಗಿದ್ದಳು. ಆಗಲೇ ಸುನೀಲನ ಸೈಕಲ್ಲಿಗೆ ಲಾರಿ ಬಡಿಯಿತು. ತಮ್ಮನಿಗೆ ಮಣ್ಣು ಕೊಟ್ಟು ಬಂದ ಮಲ್ಲಣ್ಣ ಮಂಚದ ಪಕ್ಕ ನಿಂತ. ಪಟ್ಟಿ ಬಿಚ್ಚಿದರೂ ಬೆಳಕು ಬಂದಿರಲಿಲ್ಲ. “ಸುನೀಲ ಎಲ್ಲ್ಯದಾನ?” ಎಂದಳು ತಾಯಿ. ಹೇಳಲು ಬಾಯಿ ತೆರೆದ. “ಇಲ್ಲೇ ಅದೇನಬೇ” ಎಂದು ಬಂದದ್ದು ತಮ್ಮನ ದನಿ.

ಅಂದಿನಿಂದ ಆ ಮನೆಯಲ್ಲಿ ಒಂದೇ ಗಂಟಲಿಗೆ ಇಬ್ಬರು ಮಕ್ಕಳು. ಓಣಿಯವರ ಕಾಲು ಹಿಡಿದು ಬಾಯಿ ಕಟ್ಟಿಸಿದ್ದ. ಇದು ಗೊತ್ತಾದ ದಿನ ಅವ್ವ ಉಳಿಯುವುದಿಲ್ಲ ಎಂಬುದೊಂದೇ ಅವನ ಅಂಜಿಕೆ. ಮೊದಮೊದಲು ಅವಳು “ಬಾರೋ ಸುನೀಲಾ, ತಲಿ ಕೊಡು, ಎಣ್ಣಿ ಹಚ್ತೇನಿ” ಎನ್ನುತ್ತಿದ್ದಳು. ಅವನು ನೆವ ಹೇಳಿ ಜಾರುತ್ತಿದ್ದ. ಈಚೆಗೆ ಕೇಳುವುದನ್ನೇ ಬಿಟ್ಟಿದ್ದಳು. ದೇವರು ದೊಡ್ಡವನು ಎಂದುಕೊಂಡಿದ್ದ.

ಈಗ ಈ ಗುಡ್ಡ. ಆಲಮಟ್ಟಿ ಹಿನ್ನೀರಿನ ಮಗ್ಗುಲಲ್ಲಿ ಸರಕಾರದ ಹೊಸ ಉದ್ಯಾನ. ಕಾಲುದಾರಿಯುದ್ದಕ್ಕೂ ಸುನೀಲ ದಿನಗೂಲಿಗೆ ಸಸಿ ನೆಟ್ಟಿದ್ದ. ಮಹಾಲಯ ಅಮಾವಾಸ್ಯೆ ಬಂದಾಗ ತಾಯಿ ಹಟ ಹಿಡಿದಳು. “ಈ ವರ್ಷ ಎಡಿ ಗುಡ್ಡದ ಮ್ಯಾಲ ಇಡೂಣು. ಸುನೀಲ ಹಚ್ಚಿದ ಗಿಡಾನೂ ಮುಟ್ಟಿ ನೋಡಿದಂಗ ಅಕ್ಕೈತಿ.” ಅಪ್ಪ ಕಾಳಪ್ಪ ತೀರಿದಾಗಿನಿಂದ ಪ್ರತಿವರ್ಷ ಮಾಳಿಗೆಯ ಮೇಲೆ ಇಡುತ್ತಿದ್ದ ಎಡೆ. ಮಲ್ಲಣ್ಣ ಬೇಡವೆನ್ನಲಿಲ್ಲ.

ದಾರಿಯ ತಿರುವಿನಲ್ಲಿ ಅವಳ ಕೈ ಒಂದು ಬೇವಿನ ಸಸಿಗೆ ತಾಗಿತು.

“ಇದು ನೀ ಹಚ್ಚಿದ್ದೇನೋ ಸುನೀಲಾ?”

ಚಪ್ಪಲಿ ಬದಲಾಯಿತು. “ಹೌದಬೇ.”

ಎಲೆಯನ್ನು ಬಹಳ ಹೊತ್ತು ಸವರಿದಳು. “ನಿನಗಿಂತ ಎತ್ತರ ಬೆಳೀತೈತಿ ಬಿಡು.” ಮತ್ತೆ ತುಸು ನಡೆದು, “ಯಾಕೋ ತಮ್ಮಾ, ನಿನ್ನ ಹೆಜ್ಜಿ ಭಾರ ಆಗ್ಯಾವಲ್ಲ?”

“ನಿನ್ನ ಕೈಯಾಂದು ಉಂಡು ಉಂಡು ಕ್ವಾಣ ಆಗೇನಿ!”

ಅವಳು ನಕ್ಕಳು. ಸೆರಗಿನಿಂದ ಬೆವರು ಒರೆಸಿಕೊಂಡಳು. ಬೆವರು ಕಣ್ಣಲ್ಲೇ ಹೆಚ್ಚಾಗಿತ್ತು.

ಗುಡ್ಡದ ನೆತ್ತಿಯ ಹಾಸುಗಲ್ಲಿನ ಮೇಲೆ ಬಾಳೆಲೆ ಹಾಸಿ ಅವಳೇ ಬಡಿಸಿದಳು. ಅನ್ನ, ಬದನೆಕಾಯಿ ಪಲ್ಯ, ಮೇಲೆ ಶೇಂಗಾ ಹೋಳಿಗೆ. ಅಪ್ಪನಿಗೆ ಶೇಂಗಾ ಆಗುತ್ತಿರಲಿಲ್ಲ, ಪಿತ್ತವೇಳುತ್ತಿತ್ತು. ಮುದುಕಿಗೆ ಮರೆವು ಬಂತು ಎಂದುಕೊಂಡ ಮಲ್ಲಣ್ಣ. ಆ ಹೋಳಿಗೆಗಾಗಿ ಅಣ್ಣತಮ್ಮ ಹೊಡೆದಾಡುತ್ತಿದ್ದರು.

ಒಣಗಿದ ಜಾಲಿಯ ಟೊಂಗೆಗೆ ಒಂದು ಕಾಗೆ ಬಂದು ಕೂತಿತು. ಎಡೆ ನೋಡಿತು. ಕತ್ತು ಹೊರಳಿಸಿತು. ಇಳಿಯಲಿಲ್ಲ.

“ಮುಟ್ಟಿತೇನೋ?”

“ಇಲ್ಲಬೇ.”

ಕಾಗೆ ಮುಟ್ಟದಿದ್ದರೆ ಹೋದವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದರ್ಥ. ಅದೇನೆಂದು ತಿಳಿದು, ಮಾತು ಕೊಡಬೇಕು. ಮಲ್ಲಣ್ಣ ಕೈಮುಗಿದ.

“ಅಪ್ಪಾ, ಅವ್ವನ್ನ ಚಲೋತ್ನಾಗಿ ನೋಡ್ಕೋತೇನಿ.”

ಕಾಗೆ ಕೊಕ್ಕು ತಿಕ್ಕಿಕೊಂಡಿತು.

“ಮಾಳಗಿ ಸೋರತೈತಿ, ರಿಪೇರಿ ಮಾಡಸ್ತೇನಿ. ಲಗ್ನಾನೂ ಮಾಡ್ಕೋತೇನಿ, ಮತ್ತೇನು ಬೇಕೋ ಯಪ್ಪಾ?”

ಕಾಗೆ ಕದಲಲಿಲ್ಲ. ಬಿಸಿಲು ಏರಿತು. ಹೋಳಿಗೆಯ ಅಂಚು ಒಣಗತೊಡಗಿತು. ಇನ್ನುಳಿದದ್ದು ಒಂದೇ: ಕಿರಿಮಗನೂ ಮಾತು ಕೊಡಬೇಕು. ಮಲ್ಲಣ್ಣ ಮೆಲ್ಲಗೆ ಹವಾಯಿ ಚಪ್ಪಲಿಗೆ ಕಾಲು ತೂರಿಸಿ, ಮೂಗಿಗೆ ಉಸಿರು ತಂದುಕೊಂಡ.

ಗುಂಡವ್ವನ ಕೈ ನೇರ ಬಂದು ಅವನ ಬಾಯಿ ಮುಚ್ಚಿತು. ಅವಳು ಮುಖವನ್ನು ಜಾಲಿಯ ಕಡೆಗೆ ಎತ್ತಿದಳು.

“ಸುನೀಲಾ, ನಿಮ್ಮಣ್ಣನ್ನ ನಾ ನೋಡ್ಕೋತೇನಿ. ನೀ ಉಂಡು ಹೋಗಪಾ.”

ಕಾಗೆ ಇಳಿಯಿತು.