ಔಷಧಿ ಮಾವ

ಔಷಧಿ ತರುತ್ತಿದ್ದ ಡ್ರೋನು ಗುಡ್ಡದ ಆಚೆ ಅತ್ತಿಮರಕ್ಕೆ ಸಿಕ್ಕಿಕೊಂಡದ್ದನ್ನು ಮೇಕೆ ಮೇಯಿಸುತ್ತಿದ್ದ ಅವನೊಬ್ಬನೇ ಕಂಡ. ಹೇಳೋಣವೆಂದು ದಾಪುಗಾಲಲ್ಲಿ ಊರಿಗೆ ಬಂದರೆ ನರ್ಸಮ್ಮನೇ ಎದುರಿಗೆ ಓಡಿಬಂದಳು.

"ಮಾವ, ಹಾಳಾದ್ದು ಡ್ರೋನು ಎಲ್ಲೋ ಕಳೆದುಹೋಯ್ತಂತೆ. ಇನ್ನೊಂದು ಬರೋದು ನಾಳೆನೇ. ದರ್ಜಿಯಮ್ಮನ ಮಗಳಿಗೆ ಉಸಿರು ಕಟ್ತಾ ಇದೆ. ದಾರಿ ತುಂಬ ಮೊಣಕಾಲುದ್ದ ಕೆಸರು, ನಿಮ್ಮನ್ನ ಬಿಟ್ರೆ ಪೇಟೆಗೆ ಇನ್ಯಾರು ಹೋಗ್ತಾರೆ? ಹೋದ ಕಾಲಲ್ಲೇ ಬಂದುಬಿಡಿ."

ಬಾಯಿಗೆ ಬಂದ ಮಾತು ಅಲ್ಲೇ ನಿಂತಿತು. ಡ್ರೋನು ಬರುವ ತನಕ ಊರಿನ ಔಷಧಿಯೆಲ್ಲ ಅವನ ಹೆಗಲೇರಿಯೇ ಬರುತ್ತಿತ್ತು. ಮಕ್ಕಳು 'ಔಷಧಿ ಮಾವ' ಎಂದು ಹಿಂದೆ ಓಡುತ್ತಿದ್ದವು. ಈಗ ಅವನು ಬರೀ ಮೇಕೆಯವನು.

"ರೆಕ್ಕೆ ಇದ್ರೆ ಸಾಕಾ ತಾಯಿ, ದಾರಿನೂ ಗೊತ್ತಿರಬೇಕಲ್ಲ!" ಎಂದ. ಜಗಲಿಯ ಮೇಲಿದ್ದವರು ನಕ್ಕರು. ಆ ನಗು ಹಿತವಾಗಿತ್ತು.

ಅತ್ತಿಮರದಡಿಗೆ ಬಂದು ಕೋಲಿನಿಂದ ಡ್ರೋನಿನ ಡಬ್ಬಿ ಕೆಡವಿಕೊಂಡ. ಔಷಧಿಯನ್ನು ಚೀಲಕ್ಕೆ ಹಾಕಿ, ಡಬ್ಬಿಯನ್ನು ಪೊದೆಯೊಳಗೆ ತಳ್ಳಿದ. ಈಗಲೇ ಮರಳಿದರೆ ಪೇಟೆಗೆ ಹೋಗಿಬಂದೆ ಎಂದರೆ ಯಾರು ನಂಬುತ್ತಾರೆ? ತುಸು ಕೂರೋಣವೆಂದು ಕೂತ. ಗುಡ್ಡ ದಾಟಿ ಹುಡುಗಿಯ ಕೆಮ್ಮು ಕೇಳುವುದಿಲ್ಲ. ಆದರೂ ಕೇಳಿದಂತಾಗಿ ಏಳುತ್ತಿದ್ದ, ಮತ್ತೆ ಕೂರುತ್ತಿದ್ದ. ಮರದ ನೆರಳು ಮೆಲ್ಲಗೆ ತೆವಳಿ ಎದುರಿನ ಬಂಡೆಯನ್ನು ಮುಟ್ಟುವವರೆಗೂ ಚೀಲ ಅವನ ತೊಡೆಯ ಮೇಲೆಯೇ ಇತ್ತು.

ದರ್ಜಿಯಮ್ಮನ ಮನೆ ಹೊಕ್ಕಾಗ ಹುಡುಗಿ ಬಟ್ಟೆಗಂಟಿಗೆ ಒರಗಿದ್ದಳು. ತುಟಿ ನೀಲಿಗಟ್ಟಿತ್ತು. ಒಂದೊಂದು ಉಸಿರಿಗೂ ಪಕ್ಕೆ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು. ನರ್ಸಮ್ಮ ಚೀಲ ಕಿತ್ತುಕೊಂಡು ಔಷಧಿ ಕೊಟ್ಟಳು. ಎಷ್ಟೋ ಹೊತ್ತಿನ ಮೇಲೆ ಮಗು ಕಣ್ಣು ಬಿಟ್ಟು, "ಔಷಧಿ ಮಾವ" ಎಂದಿತು.

"ಇನ್ನೊಂದು ಗಳಿಗೆ ತಡವಾಗಿದ್ರೆ ಕೈ ಬಿಟ್ಟುಹೋಗ್ತಿತ್ತು," ಎಂದಳು ನರ್ಸಮ್ಮ. ಅವನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ.

ಹಿಂದೆಯೇ ದರ್ಜಿಯಮ್ಮ ಬಿಸಿನೀರಿನ ಚೊಂಬು ಹಿಡಿದು ಬಂದಳು. "ಕಾಲು ಚಾಚಿ ಅಣ್ಣ. ಅಷ್ಟು ದೂರ ಕೆಸರು ತುಳಿದು ಬಂದಿದ್ದೀರಿ."

"ಬೇಡಮ್ಮ, ಬೇಡ." ಕಾಲುಗಳನ್ನು ಪಂಚೆಯೊಳಗೆ ಎಳೆದುಕೊಂಡ.

"ತಂಗಿ ಹತ್ರ ಎಂಥಾ ನಾಚಿಕೆ?" ಅಳುತ್ತಲೇ ನಕ್ಕು, ಅವನ ಪಾದ ಎಳೆದುಕೊಂಡು ನೀರು ಸುರಿದಳು.

ನೀರು ಬಿದ್ದ ಹಾಗೆಯೇ ತಿಳಿಯಾಗಿ ಮೆಟ್ಟಿಲಿಳಿದು ಹರಿಯಿತು. ಚೊಂಬು ಹಿಡಿದ ಕೈ ಅರ್ಧಕ್ಕೇ ನಿಂತಿತು.